ಗರ್ಭಕೋಶ ತೆಗೆಸಿದ ಮೇಲೆ ಏರುವ ತೂಕ: ಯಾರಿಗೆ ಯಾವ ದಾರಿ?

ಗರ್ಭಕೋಶದ ಆಪರೇಷನ್ ಆಗಿ ಆರೇಳು ತಿಂಗಳಾದ ಹೆಂಗಸರನ್ನು ಮಾತಾಡಿಸಿ ನೋಡಿ. ಮೊದಲು ಬರುವುದು ರವಿಕೆಯ ವಿಷಯ. ಪಕ್ಕದ ಹೊಲಿಗೆ ಎರಡೂ ಬಿಚ್ಚಿಸಿದ್ದಾಯ್ತು, ಇನ್ನೂ ಬಿಗಿ ಅಂತಾರೆ. ಅದರ ಹಿಂದೆಯೇ ಸಲಹೆಗಳ ಸುರಿಮಳೆ. ಪಕ್ಕದ ಮನೆಯವರು ಜೀರಿಗೆ ನೀರು ಅಂತಾರೆ, ತಂಗಿ ಸಿರಿಧಾನ್ಯ ಅಂತಾಳೆ, ಮಗಳು ಜಿಮ್ಮಿಗೆ ಸೇರು ಅಂತಾಳೆ, ಆಫೀಸಿನಲ್ಲಿ ಯಾರೋ ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಂತೆ ಅಂತಾರೆ. ಎಲ್ಲವೂ ಯಾರಿಗೋ ಒಬ್ಬರಿಗೆ ಕೆಲಸ ಮಾಡಿರಬಹುದು. ನಿಮಗೆ ಯಾವುದು ಅನ್ನೋದು ಮಾತ್ರ ಆಪರೇಷನ್‌ನಲ್ಲಿ ನಿಮ್ಮಿಂದ ಏನೇನು ತೆಗೆದರು ಎಂಬುದರ ಮೇಲೆ ನಿಂತಿದೆ.

ಡಯಟ್ ಚಾರ್ಟಿಗೆ ಮುಂಚೆ ಆಸ್ಪತ್ರೆಯ ಫೈಲ್

ಬೀರುವಿನಲ್ಲಿರುವ ಫೈಲ್ ತೆಗೆದು ಡಿಸ್ಚಾರ್ಜ್ ಸಮ್ಮರಿ ನೋಡಿ. ಅದರಲ್ಲಿ ಆಪರೇಷನ್ ಹೆಸರು ಬರೆದ ಸಾಲು ಒಂದಿರುತ್ತದೆ. ಟಿಎಎಚ್ ಅಂತಿದ್ದರೆ ಹೊಟ್ಟೆ ಕೊಯ್ದು ತೆಗೆದದ್ದು. ಟಿಎಲ್‌ಎಚ್ ಅಂದರೆ ಲ್ಯಾಪರೊಸ್ಕೋಪಿ, ಸಣ್ಣ ತೂತುಗಳ ಮೂಲಕ ಮಾಡಿದ್ದು. ವಿಎಚ್ ಅಂದರೆ ಕೆಳಗಿನಿಂದ, ಹೊಟ್ಟೆಗೆ ಹೊಲಿಗೆ ಇಲ್ಲದೆ. ಇದು ಎಷ್ಟು ದಿನ ವಿಶ್ರಾಂತಿ ಬೇಕು ಅನ್ನುವುದಕ್ಕೆ ಮಾತ್ರ ಮುಖ್ಯ. ತೂಕದ ವಿಷಯಕ್ಕೆ ನೋಡಬೇಕಾದದ್ದು ಅದರ ಪಕ್ಕದಲ್ಲಿರುವ ಅಕ್ಷರಗಳನ್ನು. ಬಿಎಸ್‌ಒ ಎಂದಿದ್ದರೆ ಎರಡೂ ಅಂಡಾಶಯಗಳನ್ನು ತೆಗೆದಿದ್ದಾರೆ. ಬರೀ ಬಿಎಸ್ ಅಂತಿದ್ದರೆ ಅಂಡನಾಳಗಳನ್ನು ಮಾತ್ರ ತೆಗೆದಿದ್ದಾರೆ, ಅಂಡಾಶಯ ಒಳಗೇ ಇದೆ. ಯುಎಸ್‌ಒ ಅಂದರೆ ಒಂದು ಕಡೆಯದು ಹೋಗಿದೆ, ಇನ್ನೊಂದಿದೆ. ಸಮ್ಮರಿಯಲ್ಲಿ ಸ್ಪಷ್ಟ ಇಲ್ಲದಿದ್ದರೆ ಬಯಾಪ್ಸಿ ರಿಪೋರ್ಟ್ ನೋಡಿ. ಲ್ಯಾಬಿಗೆ ಏನೇನು ಕಳಿಸಿದ್ದರು ಅಂತ ಅದರಲ್ಲಿ ಬರೆದೇ ಇರುತ್ತಾರೆ.

"ಎಲ್ಲಾ ಕ್ಲೀನ್ ಮಾಡಿಬಿಟ್ಟಿದ್ದಾರೆ" ಎನ್ನುವ ಒಂದೇ ಮಾತಿನಲ್ಲಿ ಮುಗಿಸುವವರೇ ಜಾಸ್ತಿ. ಆ 'ಎಲ್ಲಾ' ಏನು ಅಂತ ಗೊತ್ತಿಲ್ಲದೆ ಮುಂದಿನ ಯಾವ ಆಯ್ಕೆಯೂ ಸರಿ ಹೊಂದುವುದಿಲ್ಲ.

ಈಸ್ಟ್ರೊಜೆನ್ ಎಂಬ ಹೆಣ್ಣಿನ ಹಾರ್ಮೋನ್ ಬರುವುದು ಮುಖ್ಯವಾಗಿ ಅಂಡಾಶಯದಿಂದ. ಗರ್ಭಕೋಶ ಮಾತ್ರ ಹೋಗಿ ಅಂಡಾಶಯ ಉಳಿದಿದ್ದರೆ ಮುಟ್ಟು ನಿಲ್ಲುತ್ತದೆ, ಹಾರ್ಮೋನ್ ನಡೆಯುತ್ತಲೇ ಇರುತ್ತದೆ. ಆದರೆ ಅಂಡಾಶಯ ಸುಸ್ತಾಗುವುದು ಬೇರೆಯವರಿಗಿಂತ ಒಂದೆರಡು ವರ್ಷ ಮುಂಚೆಯೇ ಆಗಬಹುದು. ಮುಟ್ಟಿಲ್ಲದ್ದರಿಂದ ಅದು ಗೊತ್ತಾಗುವುದಿಲ್ಲ. ರಾತ್ರಿ ಬೆವರು, ಮುಖಕ್ಕೆ ಬಿಸಿ ಏರುವುದು, ಮೂರು ಗಂಟೆಗೆ ಎಚ್ಚರ, ಇವೇ ಸುಳಿವು.

ಎರಡೂ ಅಂಡಾಶಯ ಹೋದವರದ್ದು ಬೇರೆ ಕಥೆ. ಸಹಜವಾಗಿ ಮುಟ್ಟು ನಿಲ್ಲುವವರಿಗೆ ಹಾರ್ಮೋನ್ ವರ್ಷಗಟ್ಟಲೆ ಏರಿಳಿದು ಇಳಿಯುತ್ತದೆ. ಇವರಿಗೆ ಆಪರೇಷನ್ ಆದ ಒಂದೆರಡು ದಿನದಲ್ಲೇ ಕುಸಿಯುತ್ತದೆ. ಟೆಸ್ಟೊಸ್ಟಿರಾನ್ ಎಂಬ ಇನ್ನೊಂದು ಹಾರ್ಮೋನ್ ಕೂಡ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸೊಂಟ, ತೊಡೆಯಲ್ಲಿ ಕೂರುತ್ತಿದ್ದ ಕೊಬ್ಬು ಹೊಟ್ಟೆಗೆ ಬರುತ್ತದೆ. ಸ್ನಾಯು ಕರಗುತ್ತದೆ, ಮೂಳೆ ಸವೆಯುತ್ತದೆ. ಅಮೆರಿಕದಲ್ಲಿ ಮಧ್ಯವಯಸ್ಸಿನ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಸ್ವಾನ್ ಅಧ್ಯಯನದಲ್ಲೂ ತೂಕ ಹೆಚ್ಚು ವೇಗವಾಗಿ ಏರಿದ್ದು ಎರಡೂ ಅಂಡಾಶಯ ತೆಗೆಸಿದವರಲ್ಲಿ. ಅಂಡಾಶಯ ಉಳಿದವರ ತೂಕ ಸಹಜವಾಗಿ ಮುಟ್ಟು ನಿಂತವರ ತೂಕದಂತೆಯೇ ಇತ್ತು.

ಮುಟ್ಟು ನಿಂತು ವರ್ಷಗಳಾದ ಮೇಲೆ ಆಪರೇಷನ್ ಮಾಡಿಸಿಕೊಂಡವರಿಗೆ ಹಾರ್ಮೋನ್‌ನಲ್ಲಿ ಅಂಥ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಅವರ ತೂಕಕ್ಕೆ ಬಹುಪಾಲು ಕಾರಣ ಮಂಚ ಮತ್ತು ತಟ್ಟೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನೊಳಗಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಈ ಆಪರೇಷನ್ ಆಗಿದೆ. ಎಷ್ಟೋ ಜನರಿಗೆ ಮೂವತ್ತರ ಆಸುಪಾಸಿನಲ್ಲೇ ಆಗಿದೆ. ಬೇಡದ ಕಡೆ ಗರ್ಭಕೋಶ ತೆಗೆಯುವುದರ ಬಗ್ಗೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿದ್ದು ಸುಮ್ನೆ ಅಲ್ಲ. ಇನ್ನೂ ಆಪರೇಷನ್ ಆಗದೆ ಇದನ್ನು ಓದುತ್ತಿದ್ದರೆ, "ಅಂಡಾಶಯ ಉಳಿಸುತ್ತೀರಾ?" ಎಂದು ಮೊದಲೇ ಕೇಳಿಬಿಡಿ. ಕ್ಯಾನ್ಸರ್ ಭಯ ಇರುವವರ ಲೆಕ್ಕ ಬೇರೆ. ಉಳಿದವರಿಗೆ ಈ ಪ್ರಶ್ನೆ ತುಂಬಾ ದೊಡ್ಡದು.

ಮೊದಲ ಎರಡು ತಿಂಗಳು: ಬಾಣಂತನದ ಆರೈಕೆ ಬೇಕೇ?

ನಮ್ಮಲ್ಲಿ ಗರ್ಭಕೋಶದ ಆಪರೇಷನ್ ಆದವರನ್ನೂ ಬಾಣಂತಿಯ ಹಾಗೆಯೇ ನೋಡಿಕೊಳ್ಳುತ್ತಾರೆ. ಅಮ್ಮನ ಮನೆಯಿಂದ ಅಂಟಿನುಂಡೆಯ ಡಬ್ಬಿ ಬರುತ್ತದೆ. ಅನ್ನಕ್ಕೆ ತುಪ್ಪ ಸುರಿಯುತ್ತಾರೆ. ತರಕಾರಿ ಅರ್ಧಕ್ಕರ್ಧ ನಂಜು ಅಂತ ನಿಂತುಹೋಗುತ್ತದೆ. ನಡೆಯಬೇಡ, ಬಗ್ಗಬೇಡ, ಮಲಗಿರು. ಪ್ರೀತಿಯಿಂದಲೇ ಮಾಡುತ್ತಾರೆ, ಅನುಮಾನ ಇಲ್ಲ. ಆದರೆ ಬಾಣಂತಿ ಹಾಲೂಡಿಸುತ್ತಾಳೆ, ಅದಕ್ಕೇ ದಿನಕ್ಕೆ ಇನ್ನೂರು ಮುನ್ನೂರು ಕ್ಯಾಲರಿಗಿಂತ ಜಾಸ್ತಿ ಖರ್ಚಾಗುತ್ತದೆ. ಗರ್ಭಕೋಶ ತೆಗೆಸಿದವರಿಗೆ ಆ ಖರ್ಚಿಲ್ಲ. ಕೊಬ್ಬರಿ, ಬೆಲ್ಲ, ತುಪ್ಪ, ಉತ್ತತ್ತಿ, ಗೋಡಂಬಿ ಸೇರಿದ ಒಂದು ದಪ್ಪ ಅಂಟಿನುಂಡೆಯೇ ಇನ್ನೂರು ಕ್ಯಾಲರಿ ದಾಟುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು ಅಂದರೆ ಒಂದು ಹೊತ್ತಿನ ಊಟವೇ ಆಯ್ತು.

ಇದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. ಗರ್ಭಕೋಶದ ಗಂಟು, ಅಂದರೆ ಫೈಬ್ರಾಯ್ಡ್‌ನಿಂದ ವರ್ಷಗಟ್ಟಲೆ ರಕ್ತ ಹೋಗಿ ಹಿಮೋಗ್ಲೋಬಿನ್ ಎಂಟಕ್ಕೋ ಒಂಬತ್ತಕ್ಕೋ ಇಳಿದವರಿಗೆ ಆಪರೇಷನ್ ಆದಮೇಲೆ ರಕ್ತ ತುಂಬುತ್ತದೆ, ಬಾಯಿಗೆ ರುಚಿ ಬರುತ್ತದೆ. ಹಸಿವಾಗುವುದು ಒಳ್ಳೆಯ ಲಕ್ಷಣವೇ. ಆ ಹಸಿವಿಗೆ ಉಂಡೆ ಕೊಡುತ್ತೀರೋ, ಹೆಸರುಕಾಳಿನ ಉಸಲಿ ಕೊಡುತ್ತೀರೋ ಅನ್ನುವುದೇ ಪ್ರಶ್ನೆ.

ನನ್ನ ಮಟ್ಟಿಗೆ ಇಲ್ಲಿ ಗೆಲ್ಲುವುದು ಸಾದಾ ಮನೆಯೂಟ. ಬೇಳೆ, ಮೊಟ್ಟೆ, ಮೊಸರು, ಬೇಯಿಸಿದ ತರಕಾರಿ, ಹಣ್ಣು. ಮಲಬದ್ಧತೆ ಆದರೆ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ, ಹಾಗಾಗಿ ತರಕಾರಿ ಬಿಡುವುದು ತಪ್ಪು. ಉಂಡೆ ಬಿಡಲಾಗದಿದ್ದರೆ ಲಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿಸಿ, ದಿನಕ್ಕೆ ಒಂದೇ. ಆಪರೇಷನ್ ಆದ ಮರುದಿನದಿಂದಲೇ, ಮೊದಲು ವಾರ್ಡಿನಲ್ಲಿ, ಆಮೇಲೆ ಮನೆಯೊಳಗೆ ಹತ್ತು ಹತ್ತು ನಿಮಿಷ ಓಡಾಡಲು ಡಾಕ್ಟರೇ ಹೇಳುತ್ತಾರೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದು ಬೇಕು.

ಈ ಹೊತ್ತಿನಲ್ಲಿ ತೂಕದ ಮೆಷಿನ್ ಹತ್ತಬೇಡಿ. ಒಳಗಿನ ಊತ, ಗ್ಯಾಸ್, ನೀರು ಎಲ್ಲ ಸೇರಿ ಸಂಜೆ ಹೊತ್ತಿಗೆ ಹೊಟ್ಟೆ ಐದು ತಿಂಗಳ ಬಸುರಿಯ ಹಾಗೆ ಕಾಣಬಹುದು. ಅದು ಕೊಬ್ಬಲ್ಲ. ಆರೆಂಟು ವಾರದಲ್ಲಿ ಬಹುಪಾಲು ಇಳಿಯುತ್ತದೆ.

ಊಟ: ಏನನ್ನು ಬಿಡುವುದಕ್ಕಿಂತ ಏನನ್ನು ಸೇರಿಸುವುದು

ಎಲ್ಲರೂ ಮೊದಲು ಕೈ ಹಾಕುವುದು ಅನ್ನಕ್ಕೆ. ಅನ್ನ ಬಿಟ್ಟು ಮುದ್ದೆ, ಮುದ್ದೆ ಬಿಟ್ಟು ಚಪಾತಿ, ಚಪಾತಿ ಬಿಟ್ಟು ನವಣೆ. ಲೆಕ್ಕ ನೋಡೋಣ. ನೂರು ಗ್ರಾಂ ಅಕ್ಕಿ ಸುಮಾರು 350 ಕ್ಯಾಲರಿ. ನೂರು ಗ್ರಾಂ ರಾಗಿ ಹಿಟ್ಟು ಸುಮಾರು 320. ನವಣೆ, ಸಾಮೆ ಎಲ್ಲ ಇದರ ಆಸುಪಾಸೇ. ರಾಗಿಯಲ್ಲಿ ನಾರು ಜಾಸ್ತಿ, ಕ್ಯಾಲ್ಸಿಯಂ ನೂರು ಗ್ರಾಮಿಗೆ 340 ಮಿಲಿಗ್ರಾಂ ಹತ್ತಿರ ಇದೆ, ಹೊಟ್ಟೆ ತುಂಬಿದ ಹಾಗೆ ಇರುತ್ತದೆ. ಅಂಡಾಶಯ ಹೋಗಿ ಮೂಳೆ ಸವೆಯುವವರಿಗೆ ಇದು ನಿಜವಾಗಿಯೂ ಒಳ್ಳೆಯ ಆಯ್ಕೆ. ಆದರೆ ಎರಡು ದಪ್ಪ ಮುದ್ದೆ ನುಂಗಿದರೆ ತೂಕ ಇಳಿಯುವುದಿಲ್ಲ. ಸಿರಿಧಾನ್ಯದ ಬಿಸಿಬೇಳೆಬಾತಿಗೆ ನಾಲ್ಕು ಚಮಚ ತುಪ್ಪ ಹಾಕಿ "ಡಯಟ್" ಅನ್ನುವವರೂ ಇದ್ದಾರೆ.

ಧಾನ್ಯ ಬದಲಿಸುವುದರಿಂದ ಸ್ವಲ್ಪ ಲಾಭ. ಪ್ರೊಟೀನ್ ಹೆಚ್ಚಿಸುವುದರಿಂದ ಅದಕ್ಕಿಂತ ಜಾಸ್ತಿ ಲಾಭ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವುದು ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ. 65 ಕೆಜಿ ಇದ್ದವರಿಗೆ 54 ಗ್ರಾಂ ಆಯಿತು. ವಯಸ್ಸು ಐವತ್ತು ದಾಟಿ ಸ್ನಾಯು ಕರಗುತ್ತಿರುವಾಗ ಕೆಜಿಗೆ ಒಂದು ಗ್ರಾಂ ಅಥವಾ ಸ್ವಲ್ಪ ಮೇಲೆ ಇರಲಿ ಎನ್ನುವವರೇ ಹೆಚ್ಚು. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಏರಿಸಬೇಕು.

ಈಗ ನಮ್ಮ ತಟ್ಟೆ ನೋಡಿ. ಬೆಳಿಗ್ಗೆ ಮೂರು ಇಡ್ಲಿ ಚಟ್ನಿ. ಮಧ್ಯಾಹ್ನ ಅನ್ನ ಸಾರು, ಮೇಲೊಂದಿಷ್ಟು ಮಜ್ಜಿಗೆ. ನಾಲ್ಕು ಗಂಟೆಗೆ ಕಾಫಿ ಜೊತೆ ಕೋಡುಬಳೆ. ರಾತ್ರಿ ಮತ್ತೆ ಅನ್ನ ಸಾರು. ಸಾರಿನ ತಿಳಿಯಲ್ಲಿ ಬೇಳೆ ಎಷ್ಟಿರುತ್ತದೆ ಹೇಳಿ? ಇಡೀ ದಿನ ಹೊಟ್ಟೆ ತುಂಬ ಉಂಡರೂ ಪ್ರೊಟೀನ್ ನಲವತ್ತು ಗ್ರಾಂ ಮುಟ್ಟುವುದು ಕಷ್ಟ.

ಬಸ್ಸಾರು ಮಾಡುವ ಮನೆಯಾದರೆ ಒಂದು ಸುಲಭದ ದಾರಿ ಇದೆ. ಬೇಳೆ, ಸೊಪ್ಪು ಬೇಯಿಸಿ ಕಟ್ಟನ್ನು ಬಸಿದು ಸಾರು ಮಾಡುತ್ತೀರಿ, ಉಳಿದ ಬೇಳೆ ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡುತ್ತೀರಿ. ಪ್ರೊಟೀನೆಲ್ಲ ಇರುವುದು ಆ ಪಲ್ಯದಲ್ಲಿ. ಅದನ್ನೇ ಗಂಡಸರ ತಟ್ಟೆಗೆ, ಮಕ್ಕಳ ತಟ್ಟೆಗೆ ಬಡಿಸಿ, ತಾನು ಕೊನೆಯಲ್ಲಿ ಮುದ್ದೆಗೆ ಸಾರು ಸುರಿದುಕೊಂಡು ಉಣ್ಣುವುದು ರೂಢಿ. ಇದನ್ನು ತಿರುಗಿಸಿ. ಪಲ್ಯ ಎರಡು ಸೌಟು ಮೊದಲು, ಮುದ್ದೆ ಟೆನಿಸ್ ಚೆಂಡಿನಷ್ಟು. ಉತ್ತರ ಕರ್ನಾಟಕದವರಿಗೆ ಇನ್ನೂ ಸುಲಭ. ಎರಡು ಜೋಳದ ರೊಟ್ಟಿಗೆ ಒಂದು ದೊಡ್ಡ ಬಟ್ಟಲು ಮಡಿಕೆಕಾಳಿನ ಪಲ್ಯ, ಮೊಸರು, ಹಸಿ ಸೌತೆಕಾಯಿ. ಶೇಂಗಾ ಹಿಂಡಿ ಮಾತ್ರ ಚಮಚದ ಲೆಕ್ಕ. ಕಡಲೆಕಾಯಿಯಲ್ಲಿ ಪ್ರೊಟೀನ್ ಇದೆ ನಿಜ, ನೂರು ಗ್ರಾಮಿಗೆ 550 ಕ್ಯಾಲರಿಯೂ ಇದೆ. ಕರಾವಳಿಯವರು ಕುಚ್ಚಲಕ್ಕಿ ಗಂಜಿಯ ಜೊತೆ ಮೀನನ್ನು ಹುರಿಯದೆ ಸಾರು ಮಾಡಿದರೆ ಆಯ್ತು.

ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರೇಳು ಗ್ರಾಂ, ಒಂದು ಹಿಡಿ ಒಣ ಹುರುಳಿಯಲ್ಲಿ ಏಳೆಂಟು ಗ್ರಾಂ. ಮೂರು ಹೊತ್ತಿಗೂ ಹಂಚಿಕೊಂಡರೆ ಸಂಜೆಯ ಕುರುಕಲು ತಾನಾಗಿ ಕಡಿಮೆಯಾಗುತ್ತದೆ.

ಹೊತ್ತು ನೋಡಿ ಉಣ್ಣುವ ಪದ್ಧತಿ, ಅಂದರೆ ಎಂಟು ಹತ್ತು ತಾಸಿನೊಳಗೆ ಎಲ್ಲ ಮುಗಿಸುವುದು, ರಾತ್ರಿ ಸೀರಿಯಲ್ ನೋಡುತ್ತಾ ಚಕ್ಕುಲಿ ಮುರಿಯುವವರಿಗೆ ಚೆನ್ನಾಗಿ ಒಗ್ಗುತ್ತದೆ. ಏಳೂವರೆಗೆ ಅಡುಗೆಮನೆ ಬಂದ್ ಅಂದರೆ ಮುಗೀತು, ಲೆಕ್ಕ ಬರೆಯುವ ಗೋಜಿಲ್ಲ. ಆದರೆ ಒಟ್ಟು ಕ್ಯಾಲರಿ ಕಡಿಮೆ ಮಾಡಿ ಉಣ್ಣುವವರಿಗಿಂತ ಇದರಲ್ಲಿ ಜಾಸ್ತಿ ತೂಕ ಇಳಿಯುತ್ತದೆ ಎಂದೇನಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ತಾವಾಗಿಯೇ ಶುರು ಮಾಡಬಾರದು, ಶುಗರ್ ದಿಢೀರ್ ಇಳಿಯಬಹುದು.

ಅನ್ನ ರೊಟ್ಟಿ ಬಿಟ್ಟು ಕೊಬ್ಬನ್ನೇ ಹೆಚ್ಚು ತಿನ್ನುವ ಕೀಟೊ ಡಯಟ್ಟಿನಲ್ಲಿ ಮೊದಲ ಎರಡು ವಾರ ಇಳಿಯುವುದು ಬಹುಪಾಲು ನೀರು. ನಮ್ಮ ಊಟದ ಮನೆಯಲ್ಲಿ ಒಬ್ಬರಿಗೆ ಮಾತ್ರ ಪನೀರು ಬೆಣ್ಣೆ ಅಂತ ಎಷ್ಟು ದಿನ ನಡೆಸುತ್ತೀರಿ? ಜೀರಿಗೆ ನೀರು ಕುಡಿಯಿರಿ, ತೊಂದರೆ ಇಲ್ಲ, ಲಾಭವೂ ಇಲ್ಲ. ಸಕ್ಕರೆ ಹಾಕಿದ ಕಾಫಿಯ ಬದಲು ಕುಡಿದರೆ ಅಷ್ಟು ಸಕ್ಕರೆ ಉಳಿಯಿತು. ಹೆಂಗಸರ ಶಕ್ತಿಗೆ ಅಂತ ಮಾರುವ ಲೇಹ್ಯಗಳ ಡಬ್ಬಿ ತಿರುಗಿಸಿ ಓದಿ. ಹಲವುಗಳಲ್ಲಿ ಅರ್ಧಕ್ಕರ್ಧ ಸಕ್ಕರೆಯೋ ಬೆಲ್ಲವೋ ಇರುತ್ತದೆ.

ಎಣ್ಣೆ ಬಗ್ಗೆ ಒಂದೇ ಮಾತು. ಐಸಿಎಂಆರ್–ಎನ್‌ಐಎನ್ 2024ರ ಮಾರ್ಗಸೂಚಿ ದಿನದ ತಟ್ಟೆಗೆ ಇಡುವುದು ಸುಮಾರು 27 ಗ್ರಾಂ ಎಣ್ಣೆ, ತುಪ್ಪ ಸೇರಿ. ತಿಂಗಳಿಗೆ ಒಬ್ಬರಿಗೆ ಒಂದು ಲೀಟರಿಗಿಂತ ಕಡಿಮೆ. ನಿಮ್ಮ ಮನೆಯ ತಿಂಗಳ ಕ್ಯಾನ್ ಎಷ್ಟು ಲೀಟರಿನದು ಎಂದು ನೋಡಿಕೊಂಡರೆ ಉಳಿದದ್ದು ಗೊತ್ತಾಗುತ್ತದೆ.

ನಡಿಗೆ, ಯೋಗ, ಭಾರ ಎತ್ತುವುದು

ಬಹಳ ಮಂದಿ ನಡಿಗೆ ಆರಿಸಿಕೊಳ್ಳುತ್ತಾರೆ. ಖರ್ಚಿಲ್ಲ, ಜೊತೆಗೆ ಇಬ್ಬರು ಸಿಕ್ಕರೆ ಮಾತೂ ಆಯ್ತು. ಹೃದಯಕ್ಕೆ, ಶುಗರ್‌ಗೆ, ಮನಸ್ಸಿಗೆ ಒಳ್ಳೆಯದು. ಆದರೆ ಅರ್ಧ ಗಂಟೆ ಬಿರುಸಾಗಿ ನಡೆದರೂ ಖರ್ಚಾಗುವುದು 120ರಿಂದ 150 ಕ್ಯಾಲರಿ. ಪಾರ್ಕಿನಿಂದ ಬರುತ್ತಾ ದರ್ಶಿನಿಯಲ್ಲಿ ವಡೆ ತಿಂದು ಕಾಫಿ ಕುಡಿದರೆ ಲೆಕ್ಕ ಮೈನಸ್. ತೂಕ ಇಳಿಸುವ ಶಕ್ತಿ ನಡಿಗೆಗೆ ಒಂಟಿಯಾಗಿ ಕಡಿಮೆ. ಇಳಿದದ್ದನ್ನು ಉಳಿಸಿಕೊಳ್ಳುವುದಕ್ಕೆ ಅದು ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗೆ ಕೆಲಸ ಕೊಡಿ ಅಂತಲೂ ಹೇಳುತ್ತದೆ. ಆ ಎರಡನೇ ಮಾತನ್ನು ನಮ್ಮಲ್ಲಿ ಯಾರೂ ಹೇಳುವುದೇ ಇಲ್ಲ.

ಬದಲಿಗೆ ಹೇಳುವುದೇನು? "ಗರ್ಭಕೋಶ ತೆಗೆಸಿದವಳು, ಜೀವಮಾನದಲ್ಲಿ ಭಾರ ಎತ್ತಬಾರದು." ಈ ಒಂದು ಮಾತು ಮಾಡಿದ ಕೆಡುಕು ಬಹಳ. ಹೊಟ್ಟೆ ಕೊಯ್ದ ಆಪರೇಷನ್‌ಗೆ ಆರರಿಂದ ಎಂಟು ವಾರ, ಲ್ಯಾಪರೊಸ್ಕೋಪಿ ಅಥವಾ ಕೆಳಗಿನಿಂದ ಆದದ್ದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ತುಂಬಿದ ಬಿಂದಿಗೆ, ಸಿಲಿಂಡರ್, ಮೊಮ್ಮಗುವನ್ನು ಎತ್ತಬಾರದು. ತಪಾಸಣೆಯಲ್ಲಿ ಎಲ್ಲ ಸರಿ ಇದೆ ಅಂತ ಡಾಕ್ಟರ್ ಹೇಳಿದ ಮೇಲೆ ನಿಧಾನವಾಗಿ ಎತ್ತಲು ಕಲಿಯಲೇಬೇಕು. ಸ್ನಾಯು ಇದ್ದಲ್ಲೇ ಕ್ಯಾಲರಿ ಸುಡುವುದು, ಸ್ನಾಯು ಎಳೆದಲ್ಲೇ ಮೂಳೆ ಗಟ್ಟಿಯಾಗುವುದು.

ಜಿಮ್ಮೇ ಬೇಕೆಂದಿಲ್ಲ. ಗೋಡೆಗೆ ಒತ್ತಿ ಇಟ್ಟ ಕುರ್ಚಿ ಸಾಕು. ಕುರ್ಚಿಯ ಅಂಚಿನಲ್ಲಿ ಕೂತು, ಕೈ ಎದೆಗೆ ಕಟ್ಟಿಕೊಂಡು, ಕೈ ಊರದೆ ಎದ್ದು ನಿಲ್ಲಿ. ಏಳುವಾಗ ಉಸಿರು ಬಿಡಿ, ಹಿಡಿಯಬೇಡಿ. ಕೂರುವಾಗ ಧೊಪ್ಪನೆ ಬೀಳದೆ ಮೂರು ಎಣಿಸುತ್ತಾ ಇಳಿಯಿರಿ. ಹತ್ತು ಸಲಕ್ಕೆ ತೊಡೆ ನಡುಗುತ್ತದೆ. ನಡುಗಲಿ, ಕೆಲಸ ಆಗುತ್ತಿದೆ. ಒಂದು ನಿಮಿಷ ಕೂತು ಇನ್ನೊಂದು ಸುತ್ತು. ಸುಲಭ ಆದಾಗ ಎರಡೂ ಕೈಯಲ್ಲಿ ಒಂದೊಂದು ಲೀಟರಿನ ನೀರಿನ ಬಾಟಲಿ ಹಿಡಿಯಿರಿ, ತಲಾ ಒಂದು ಕೆಜಿ ಆಯಿತು. ಅದೂ ಸುಲಭವಾದರೆ ಎರಡು ಲೀಟರು. ಇದರ ಜೊತೆ ಗೋಡೆಗೆ ಕೈ ಊರಿ ತಳ್ಳುವುದು, ಬಾಗಿಲ ಹಿಡಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಎದೆಯತ್ತ ಎಳೆಯುವುದು. ವಾರಕ್ಕೆ ಎರಡು ಮೂರು ದಿನ, ಇಪ್ಪತ್ತು ನಿಮಿಷ. ಭಾರ ಏರಿಸುತ್ತಾ ಹೋಗುವುದೇ ಇದರ ಗುಟ್ಟು. ಎರಡು ವರ್ಷ ಅದೇ ಒಂದು ಕೆಜಿಯ ಗುಲಾಬಿ ಡಂಬೆಲ್ ಆಡಿಸಿದರೆ ಏನೂ ಆಗುವುದಿಲ್ಲ.

ಕೆಮ್ಮಿದಾಗ, ಸೀನಿದಾಗ ಮೂತ್ರ ಜಾರುವವರು, ಕೆಳಗೆ ಏನೋ ಜಗ್ಗಿದಂತೆ ಅನ್ನಿಸುವವರು ಮೊದಲು ಫಿಸಿಯೊಥೆರಪಿಸ್ಟ್ ಹತ್ತಿರ ಕೆಳಭಾಗದ ಸ್ನಾಯುಗಳ ವ್ಯಾಯಾಮ ಕಲಿಯಲಿ. ಆಮೇಲೆ ಭಾರ. ಇದನ್ನು ನಾಚಿಕೆಯಿಂದ ಮುಚ್ಚಿಟ್ಟು ಜಿಮ್ಮಿಗೆ ಹೋದರೆ ತೊಂದರೆ ಜಾಸ್ತಿಯಾಗುತ್ತದೆ.

ಯೋಗ ಬೆನ್ನಿಗೆ, ನಿದ್ದೆಗೆ, ಒತ್ತಡಕ್ಕೆ ಒಳ್ಳೆಯದು. ನಿದ್ದೆಯೇನೂ ಸಣ್ಣ ವಿಷಯವಲ್ಲ. ರಾತ್ರಿ ನಾಲ್ಕು ಸಲ ಬೆವೆತು ಎದ್ದವರಿಗೆ ಮರುದಿನ ಸಿಹಿ, ಕರಿದದ್ದು ಬೇಕೆನ್ನಿಸುವುದು ಸಹಜ. ಕೊಬ್ಬು ಇಳಿಸುವ ದೃಷ್ಟಿಯಿಂದ ಮಾತ್ರ ನಿಧಾನದ ಆಸನಗಳಿಂದ ಹೆಚ್ಚು ನಿರೀಕ್ಷೆ ಬೇಡ. ವಾರದಲ್ಲಿ ಎರಡೇ ದಿನ ಸಮಯ ಇದ್ದರೆ ನಾನಂತೂ ಆ ಎರಡನ್ನೂ ಭಾರಕ್ಕೆ ಕೊಡು ಅನ್ನುತ್ತೇನೆ. ನಡಿಗೆ ಬಸ್‌ಸ್ಟಾಪಿಗೆ, ತರಕಾರಿ ಅಂಗಡಿಗೆ ಹೋಗಿಬರುವಾಗ ಆಗುತ್ತದೆ.

ಹಾರ್ಮೋನ್ ಚಿಕಿತ್ಸೆ: ತೂಕಕ್ಕಾಗಿ ಅಲ್ಲ, ಆದರೂ

"ಹಾರ್ಮೋನ್ ತಗೊಂಡ್ರೆ ದಪ್ಪ ಆಗ್ತಾರೆ, ಕ್ಯಾನ್ಸರ್ ಬರುತ್ತೆ." ಇದನ್ನು ಕೇಳದವರಿಲ್ಲ. ಭಯದ ಮೂಲ 2002ರಲ್ಲಿ ಬಂದ, ಮುಟ್ಟು ನಿಂತ ಹೆಂಗಸರ ಮೇಲೆ ನಡೆದ ಅಮೆರಿಕದ ಡಬ್ಲ್ಯುಎಚ್‌ಐ ಅಧ್ಯಯನ. ಆದರೆ ಆ ವರ್ಷ ಸುದ್ದಿಯಾದದ್ದು ಗರ್ಭಕೋಶ ಇರುವವರ ಭಾಗ. ಅವರಿಗೆ ಕೊಟ್ಟದ್ದು ಎರಡು ಹಾರ್ಮೋನ್, ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್. ಗರ್ಭಕೋಶ ತೆಗೆಸಿದವರಿಗೆ ಸಾಮಾನ್ಯವಾಗಿ ಈಸ್ಟ್ರೊಜೆನ್ ಒಂದೇ ಸಾಕು. ಅವರ ಭಾಗದ ಫಲಿತಾಂಶ 2004ರಲ್ಲಿ ಬಂತು. ಅದರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಲಿಲ್ಲ. ಆದರೆ ಪಾರ್ಶ್ವವಾಯುವಿನ ಅಪಾಯ ಸ್ವಲ್ಪ ಹೆಚ್ಚಿತ್ತು. ಗರ್ಭಕೋಶದ ಒಳಪದರದಂಥ ಪದರ ಹೊರಗೆಲ್ಲ ಬೆಳೆಯುವ ಎಂಡೊಮೆಟ್ರಿಯೋಸಿಸ್‌ಗಾಗಿ ಆಪರೇಷನ್ ಆದವರಿಗೆ ಕೆಲವೊಮ್ಮೆ ಎರಡೂ ಹಾರ್ಮೋನ್ ಕೊಡುತ್ತಾರೆ.

ತೂಕದ ಲೆಕ್ಕಕ್ಕೆ ಬಂದರೆ, ಹಾರ್ಮೋನ್ ತೆಗೆದುಕೊಂಡವರು ತೆಗೆದುಕೊಳ್ಳದವರಿಗಿಂತ ಜಾಸ್ತಿ ದಪ್ಪ ಆಗುವುದಿಲ್ಲ. ಶುರುವಿನಲ್ಲಿ ನೀರು ತುಂಬಿದ ಹಾಗೆ ಅನ್ನಿಸಬಹುದು. ತೂಕ ಇಳಿಸುವ ಔಷಧಿಯೂ ಅದಲ್ಲ. ಬೆವರು ನಿಂತು, ನಿದ್ದೆ ಬಂದು, ಬೆಳಿಗ್ಗೆ ಎದ್ದು ವ್ಯಾಯಾಮ ಮಾಡುವಷ್ಟು ಮೈ ಹಗುರವಾದರೆ ಅದೇ ದೊಡ್ಡ ಲಾಭ.

ನಲವತ್ತೈದರೊಳಗೆ ಎರಡೂ ಅಂಡಾಶಯ ಹೋದವರಿಗೆ ಆಯ್ಕೆ ಸ್ಪಷ್ಟ. ತಡೆಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ತೆಗೆದುಕೊಳ್ಳುವುದು ಮೂಳೆ ಮತ್ತು ಹೃದಯದ ದೃಷ್ಟಿಯಿಂದಲೇ ಬೇಕೆನ್ನುತ್ತಾರೆ ತಜ್ಞರು. ಇಷ್ಟಾದರೂ ಎಷ್ಟೋ ಜನರಿಗೆ ಡಿಸ್ಚಾರ್ಜ್ ದಿನ ಈ ಮಾತೇ ಬಂದಿರುವುದಿಲ್ಲ, ಕ್ಯಾಲ್ಸಿಯಂ ಮಾತ್ರೆಯ ಚೀಟಿ ಕೊಟ್ಟು ಕಳಿಸಿರುತ್ತಾರೆ. ನೀವೇ ಕೇಳಿ. ಸ್ತನ ಕ್ಯಾನ್ಸರ್ ಆಗಿದ್ದವರು, ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಅಥವಾ ಗಂಭೀರ ಲಿವರ್ ಕಾಯಿಲೆ ಇದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಪ್ಯಾಚಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆ, ತೂಕ ಜಾಸ್ತಿ ಇರುವವರು ಅದನ್ನು ಕೇಳಬಹುದು. ಅರವತ್ತು ದಾಟಿ ಹೊಸದಾಗಿ ಶುರು ಮಾಡುವುದಕ್ಕೆ ಡಾಕ್ಟರು ಹಿಂಜರಿದರೆ ಅದಕ್ಕೂ ಕಾರಣವಿದೆ.

ಸೋಯಾ, ಅಗಸೆ ಬೀಜ ತಿನ್ನಿ, ಒಳ್ಳೆಯ ಆಹಾರ. ಹಾರ್ಮೋನ್ ಚಿಕಿತ್ಸೆಯ ಜಾಗವನ್ನು ಅವು ತುಂಬುವುದಿಲ್ಲ.

ಇಂಜೆಕ್ಷನ್

ಇಂಜೆಕ್ಷನ್ ಮಾತಿಗಿಂತ ಮುಂಚೆ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ವಿಟಮಿನ್ ಡಿ, ಹಿಮೋಗ್ಲೋಬಿನ್ ನೋಡಿಸಿ. ಥೈರಾಯ್ಡ್ ಕಡಿಮೆ ಇದ್ದರೆ ಮಾತ್ರೆ ಬೇಕು, ಆದರೆ ಹದಿನೈದು ಕೆಜಿಯನ್ನು ಥೈರಾಯ್ಡ್ ತಲೆಗೆ ಕಟ್ಟಬೇಡಿ, ಅದರ ಪಾಲು ಸಾಮಾನ್ಯವಾಗಿ ಕೆಲವೇ ಕೆಜಿ. ನಿದ್ದೆ, ಖಿನ್ನತೆ, ನರನೋವು, ಸಕ್ಕರೆ ಕಾಯಿಲೆಯ ಮಾತ್ರೆಗಳಲ್ಲಿ ಕೆಲವು ತೂಕ ಏರಿಸುತ್ತವೆ. ನೀವು ನುಂಗುವ ಮಾತ್ರೆಗಳ ಪಟ್ಟಿ ತೋರಿಸಿ ಕೇಳಿ.

ತೂಕ ಇಳಿಸುವ ಇಂಜೆಕ್ಷನ್‌ಗಳಲ್ಲಿ ಭಾರತಕ್ಕೆ ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷ ಜೂನ್‌ನಲ್ಲಿ ಬಂತು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವುದು. ದೊಡ್ಡ ಪ್ರಯೋಗಗಳಲ್ಲಿ ವೆಗೋವಿಯ ಔಷಧ 68 ವಾರದಲ್ಲಿ ಸರಾಸರಿ ನೂರಕ್ಕೆ 15ರಷ್ಟು ತೂಕ ಇಳಿಸಿತು, ಮೌಂಜಾರೊದ ದೊಡ್ಡ ಡೋಸು 72 ವಾರದಲ್ಲಿ 20ರ ಆಸುಪಾಸು. ಊಟ ವ್ಯಾಯಾಮದಿಂದ ಇಷ್ಟು ಇಳಿಸುವುದು ಕಷ್ಟ, ಒಪ್ಪಬೇಕು. ಬಿಎಂಐ (ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ್ದು) 30 ದಾಟಿದವರಿಗೆ, ಅಥವಾ 27 ದಾಟಿ ಬಿಪಿ, ಶುಗರ್‌ನಂಥ ತೊಂದರೆ ಇರುವವರಿಗೆ ಇದು ನಿಜವಾದ ಆಯ್ಕೆ. ಮದುವೆ ಮನೆಗೆ ನಾಲ್ಕು ಕೆಜಿ ಇಳಿಸಲು ಅಲ್ಲ.

ಎರಡು ವಿಷಯ ತಿಳಿದಿರಲಿ. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂದದ್ದು ವೆಗೋವಿಯ ಪ್ರಯೋಗದಲ್ಲೇ ಕಂಡಿದೆ. ಇನ್ನೊಂದು, ಇಳಿಯುವುದರಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಅಂಡಾಶಯ ಇಲ್ಲದೆ ಮೊದಲೇ ಸ್ನಾಯು, ಮೂಳೆ ಕಳೆದುಕೊಳ್ಳುತ್ತಿರುವವರು ಪ್ರೊಟೀನ್, ಭಾರ ಎತ್ತುವುದು ಎರಡೂ ಇಲ್ಲದೆ ಬರೀ ಇಂಜೆಕ್ಷನ್ ನೆಚ್ಚಿಕೊಂಡರೆ ತೂಕ ಇಳಿದರೂ ಮೆಟ್ಟಿಲು ಹತ್ತಲು ಆಗದ ಸ್ಥಿತಿ ಬರಬಹುದು. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ, ಪಿತ್ತಕೋಶದಲ್ಲಿ ಕಲ್ಲಾಗಬಹುದು. ಪ್ಯಾಂಕ್ರಿಯಾಸ್ ಊತ ಬಂದಿದ್ದವರು, ಮನೆಯಲ್ಲಿ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದವರು ಮೊದಲೇ ಹೇಳಬೇಕು. ತಿಂದ ಕೊಬ್ಬು ಮೈಗೆ ಸೇರದಂತೆ ತಡೆಯುವ ಆರ್ಲಿಸ್ಟಾಟ್ ಮಾತ್ರೆಯೂ ಇದೆ. ಇಳಿಯುವುದು ಕಡಿಮೆ, ಎಣ್ಣೆ ತಿಂದ ದಿನ ಬಾತ್‌ರೂಮಿನಲ್ಲಿ ಪಾಡು ಜಾಸ್ತಿ.

ನಾನಾದರೆ ಹೀಗೆ ಆರಿಸುತ್ತೇನೆ

38 ವರ್ಷ, ಎರಡೂ ಅಂಡಾಶಯ ಹೋಗಿವೆ, ಆರು ಕೆಜಿ ಏರಿದೆ, ನಿದ್ದೆ ಇಲ್ಲ: ಮೊದಲು ಹಾರ್ಮೋನ್ ಬಗ್ಗೆ ಸ್ತ್ರೀರೋಗ ತಜ್ಞರ ಹತ್ತಿರ ಮಾತು. ಜೊತೆಗೇ ಭಾರ, ಪ್ರೊಟೀನ್. ಡಯಟ್ ಹೆಸರಿನಲ್ಲಿ ಉಪವಾಸ ಬೇಡವೇ ಬೇಡ.

46 ವರ್ಷ, ಅಂಡಾಶಯ ಇದೆ, ಆಪರೇಷನ್ ಆದ ವರ್ಷದಲ್ಲಿ ಮೂರು ಕೆಜಿ: ಉಂಡೆ, ತುಪ್ಪ, ಮಧ್ಯಾಹ್ನದ ಎರಡು ತಾಸು ನಿದ್ದೆಯನ್ನು ಮೊದಲು ನೋಡಿ. ರಾತ್ರಿ ಊಟ ಬೇಗ, ವಾರಕ್ಕೆರಡು ದಿನ ಕುರ್ಚಿ ವ್ಯಾಯಾಮ. ಔಷಧಿ ಏನೂ ಬೇಕಾಗುವುದಿಲ್ಲ ಬಹುಶಃ.

55 ವರ್ಷ, ಶುಗರ್, ಮಂಡಿನೋವು, ಬಿಎಂಐ 33: ಇಲ್ಲಿ ಇಂಜೆಕ್ಷನ್ ಬಗ್ಗೆ ಕೇಳುವುದಕ್ಕೆ ಸಂಕೋಚ ಬೇಡ. ಫಿಸಿಯೊಥೆರಪಿಸ್ಟ್ ಜೊತೆ ಕೂತು ಮಾಡುವ ವ್ಯಾಯಾಮದಿಂದ ಶುರು.

ಅಳತೆಗೆ ಟೈಲರ್ ಟೇಪು ಇಟ್ಟುಕೊಳ್ಳಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟು, ಟೇಪು ಬಿಗಿಯದೆ ಅಳೆಯಿರಿ. ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚು ದಾಟಿದರೆ ಎಚ್ಚರ. ತೂಕ ವಾರಕ್ಕೊಮ್ಮೆ ಸಾಕು. ಭಾರ ಎತ್ತಲು ಶುರು ಮಾಡಿದವರಿಗೆ ತೂಕ ಅಲ್ಲೇ ನಿಂತು ಸೊಂಟದ ಸುತ್ತಳತೆ ಇಳಿಯುವುದುಂಟು, ರವಿಕೆಗೆ ಗೊತ್ತಾಗುತ್ತದೆ.

ಕೆಲವು ಹೊಟ್ಟೆಗಳು ದಪ್ಪವಾಗುವುದು ಕೊಬ್ಬಿನಿಂದಲ್ಲ. ಹೊಲಿಗೆಯ ಜಾಗದಲ್ಲಿ ಕೆಮ್ಮಿದಾಗ ಉಬ್ಬಿ ಮಲಗಿದಾಗ ಒಳಹೋಗುವ ಗಂಟು ಇದ್ದರೆ ಅದು ಹರ್ನಿಯಾ ಇರಬಹುದು, ತೋರಿಸುವವರೆಗೆ ಭಾರ ಎತ್ತುವುದನ್ನು ನಿಲ್ಲಿಸಿ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ವಾರದಿಂದ ವಾರಕ್ಕೆ ಬೆಳೆಯುತ್ತಿದ್ದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತಿದ್ದರೆ, ಅಂಡಾಶಯ ಉಳಿದವರು ಬೇಗ ಸ್ಕ್ಯಾನ್ ಮಾಡಿಸಬೇಕು. ಒಂದೇ ಕಾಲು ಊದಿ ನೋಯುತ್ತಿದ್ದರೆ, ಅದರಲ್ಲೂ ಆಪರೇಷನ್ ಆದ ಮೊದಲ ವಾರಗಳಲ್ಲಿ, ಅಥವಾ ಜೊತೆಗೆ ಉಸಿರು ಕಟ್ಟುತ್ತಿದ್ದರೆ, ಬೆಳಗಾಗಲಿ ಅಂತ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.